ಗಂಜಿ ಹಚ್ಚಿದ ಉರುವಲು: ಇಪ್ಪತ್ತೆಂಟು ದಿನಗಳ ಲೆಕ್ಕ

ಫೆಬ್ರುವರಿ ೯, ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಬನಹಟ್ಟಿಯ ನಮ್ಮ ಮನೆಯ ಮುಂದೆ ಸರಕಿನ ಆಟೋ ನಿಂತು, ನಾಲ್ಕು ಜನ ಸೇರಿ ಹಸಿರು ಬಣ್ಣದ ಯಂತ್ರವೊಂದನ್ನು ಇಳಿಸಿದರು. ಇಳಿಸಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ನಾಲ್ವರಲ್ಲಿ ಮೂವರು ಎತ್ತಿದರು. ನಾಲ್ಕನೆಯವನು ನಮ್ಮ ಕಾಕಾ. ಅವನು "ಹುಷಾರ್ರೀ, ಹುಷಾರ್" ಎಂದು ಹೇಳುವ ಭಾರ ಹೊತ್ತಿದ್ದ.

ಅದು ಪೆಲೆಟ್ ಮಾಡುವ ಯಂತ್ರ. ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ಉದುರುವ ಪುಡಿಯನ್ನು ಮೇಲಿನಿಂದ ಸುರಿದರೆ, ಒಳಗಿನ ಉರುಳೆಗಳು ಅದನ್ನು ತೂತುಗಳಿರುವ ಉಕ್ಕಿನ ಬಿಲ್ಲೆಯ ಮೂಲಕ ಒತ್ತುತ್ತವೆ. ಕೆಳಗೆ ಕಿರುಬೆರಳಿನ ದಪ್ಪದ, ಗಟ್ಟಿಯಾದ ತುಂಡುಗಳು ಬೀಳುತ್ತವೆ. ಅವನ್ನು ಸಣ್ಣ ಫ್ಯಾನು ಇರುವ ಒಲೆಯಲ್ಲಿ ಉರಿಸಬಹುದು. ಇಷ್ಟೂ ವಿವರ ಒಂದು ವಿಡಿಯೋದಲ್ಲಿತ್ತು. ಅದರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯನೊಬ್ಬ ಒಂದೇ ಕೈಯಿಂದ ಪುಡಿ ಸುರಿಯುತ್ತಿದ್ದ. ತಾಸಿಗೆ ನೂರು ಕೆಜಿ ಎನ್ನುತ್ತಿದ್ದ. ಕೊನೆಯವರೆಗೂ ಅವನ ಅಂಗಿ ಬಿಳಿಯಾಗಿಯೇ ಇತ್ತು. ನಮಗೆ ಅನುಮಾನ ಬರಬೇಕಾದದ್ದು ಅಲ್ಲಿಯೇ. ಆ ವಿಡಿಯೋವನ್ನು ಕಾಕಾಗೆ ಕಳಿಸಿದವಳು ನಾನೇ ಎಂಬುದನ್ನು ಇಲ್ಲಿ ಬರೆದಿಟ್ಟರೆ ಲೆಕ್ಕ ಶುದ್ಧವಾಗಿರುತ್ತದೆ.

ಕಾಕಾ ಎಂದರೆ ಅಪ್ಪನ ತಮ್ಮ. ವಯಸ್ಸು ನಲವತ್ತಮೂರು. ಈವರೆಗೆ ಕೈಹಾಕಿದ ಉದ್ಯೋಗಗಳು ನನ್ನ ಡೈರಿಯ ಪ್ರಕಾರ ಆರು, ಅವನ ಪ್ರಕಾರ ನಾಲ್ಕು. ಮೊಲ ಸಾಕಿದ್ದನ್ನೂ ಅಣಬೆ ಬೆಳೆದದ್ದನ್ನೂ ಅವನು ಹವ್ಯಾಸದ ಪಟ್ಟಿಗೆ ಸೇರಿಸಿದ್ದಾನೆ. ಯಂತ್ರ ಮುಧೋಳದ ಅವನ ಗೆಳೆಯನದು. "ಒಂದು ತಿಂಗಳ ನೋಡ್ರಿ, ಮನಸ್ಸಿಗಿ ಬಂದ್ರ ಇಟ್ಕೋರಿ" ಎಂದು ಕೊಟ್ಟಿದ್ದ. ಅಷ್ಟು ಲಾಭದ ಯಂತ್ರವನ್ನು ಆತ ಏಕೆ ಬಿಟ್ಟುಕೊಡುತ್ತಿದ್ದಾನೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಗೆಳೆಯರು ಒಳ್ಳೆಯವರಿರುತ್ತಾರೆ ಎಂದುಕೊಂಡೆವು.

ತೊಂದರೆ ಜಾಗದ್ದು. ನಮ್ಮ ಮಗ್ಗದ ಕೋಣೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಪೂರ್ವದ ಎರಡನ್ನು ಅಪ್ಪ, ಕಾಕಾ ನೋಡುತ್ತಾರೆ. ಪಶ್ಚಿಮದ ಎರಡು ಅವ್ವನವು. ಅವಳೇ ದುಡಿದು ಕೊಂಡದ್ದು, ಅವಳೇ ನಡೆಸುವುದು. ಅವುಗಳಿಂದ ಇಳಿದ ಸೀರೆಯ ಮಜೂರಿ ಅವಳ ಕೈಗೇ ಬರುತ್ತದೆ, ಅದನ್ನು ಏನು ಮಾಡಿದೆ ಎಂದು ಅವಳನ್ನು ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಯಂತ್ರ ಖಾಯಂ ಆಗಿ ಉಳಿಯುವುದಾದರೆ ಆ ಎರಡು ಮಗ್ಗ ಬಿಚ್ಚಿ ಗುಜರಿಗೆ ಹಾಕಬೇಕು ಎಂಬುದು ಕಾಕಾನ ಯೋಜನೆಯಾಗಿತ್ತು. ಪೂರ್ವದವು ಯಾಕಲ್ಲ ಎಂದು ನಾನು ಕೇಳಿದೆ.

"ಪಶ್ಚಿಮಕ್ಕ ಗಾಳಿ ಛಲೋ ಬರ್ತೈತಿ ತಂಗಿ," ಎಂದ ಕಾಕಾ. "ಪುಡಿ ಹಾರಿ ಹೊರಗ ಹೊಕ್ಕೈತಿ."

ಅವ್ವ ಮಗ್ಗ ನಿಲ್ಲಿಸಿ ಹೊರಗೆ ಬಂದಳು. ಯಂತ್ರವನ್ನು ಒಂದು ಸುತ್ತು ನೋಡಿದಳು. "ಶಾವಿಗಿ ಮಷಿನ್ ಇದ್ದಂಗ ಐತಿ," ಎಂದಳು. ಆಮೇಲೆ ಕಾಕಾನ ಕಡೆ ತಿರುಗಿ, "ಮಗ್ಗಾ ತಗಿ ತಮ್ಮಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೊದ್ಲ ಲೆಕ್ಕಾ ತೋರ್ಸು. ನನ್ನ ಮಗ್ಗಕ್ಕಿಂತ ಇದು ಹೆಚ್ಚಿಗಿ ದುಡೀತೈತಿ ಅಂತ ಕಾಗದದ ಮ್ಯಾಲ ಬರ್ಲಿ. ಬಂದ್ರ ನಾನ ಪಾನಾ ಹಿಡಕೊಂಡ ಬಿಚ್ತೇನಿ" ಎಂದಳು.

ಅಪ್ಪ ಎರಡೂ ಕಡೆಯವರಿಗೆ ತಲೆಯಾಡಿಸಿ ತೀರ್ಪು ಕೊಟ್ಟ. ಮಾರ್ಚ್ ೯ರ ಭಾನುವಾರದವರೆಗೆ ಇಪ್ಪತ್ತೆಂಟು ದಿನ ನಡೆಸುವುದು. ಲೆಕ್ಕ ಇಡುವವಳು ನಾನು. ಜಮಖಂಡಿಯ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿಯಾಗಿದ್ದೇನೆ, ತೂಕ ಮಾಡಿ ಬರೆಯುವುದೇ ಕೆಲಸ, ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆ. ನಾನೂ ನಂಬಿದ್ದೆ. ಹೊಸ ನೋಟುಬುಕ್ಕು ತಂದು ಏಳು ಕಾಲಮ್ಮು ಎಳೆದೆ: ದಿನ, ಹಾಕಿದ ಪುಡಿ, ಬಂದ ಪೆಲೆಟ್, ಯಂತ್ರ ನಡೆದ ತಾಸು, ಮಗ್ಗ ನಿಂತ ತಾಸು, ಸುಟ್ಟ ಕಟ್ಟಿಗೆ, ಷರಾ.

ಮಗ್ಗ ನಿಂತ ತಾಸಿನ ಕಾಲಮ್ಮು ಎಷ್ಟು ಬೇಕಾದದ್ದು ಎಂಬುದು ಮೊದಲ ಐದೇ ನಿಮಿಷದಲ್ಲಿ ಗೊತ್ತಾಯಿತು. ಯಂತ್ರದ ಸ್ವಿಚ್ಚು ಹಾಕುತ್ತಿದ್ದಂತೆ ಮನೆಯ ಕರೆಂಟು ಪೂರ್ತಿ ಹೋಯಿತು. ನಮ್ಮ ಲೈನು ಮಗ್ಗವನ್ನೂ ಇದನ್ನೂ ಒಟ್ಟಿಗೆ ಹೊರುವುದಿಲ್ಲ. ಇದು ತಿರುಗಬೇಕಾದರೆ ನಾಲ್ಕೂ ಮಗ್ಗ ಸುಮ್ಮನಿರಬೇಕು. ಮಗ್ಗಕ್ಕೆಂದು ಸರ್ಕಾರ ಕಡಿಮೆ ದರದಲ್ಲಿ ಕೊಟ್ಟ ಕರೆಂಟಿನಲ್ಲಿ ಕಟ್ಟಿಗೆ ಪುಡಿ ಒತ್ತುವುದು ಸರಿಯೇ ಎಂದೂ ನಾನು ಕೇಳಿದೆ.

"ಕರೆಂಟಿಗೇನ ಗೊತ್ತಾಗ್ತೈತಿ, ತಾ ಎಲ್ಲಿ ಹೊಂಟೇನಿ ಅಂತ?" ಎಂದ ಕಾಕಾ. ಅಪ್ಪ ಆ ಮಾತನ್ನು ಕೇಳಿಸಿಕೊಳ್ಳದವನಂತೆ ಬಾಗಿಲ ಕಡೆ ನೋಡಿದ.

ಮೊದಲ ದಿನ ಹಾಕಿದ ಪುಡಿ ಇಪ್ಪತ್ತನಾಲ್ಕು ಕೆಜಿ, ಬಂದ ಪೆಲೆಟ್ ಮೂರು ಕೆಜಿ, ಹಿಡಿದ ಹೊತ್ತು ನಾಲ್ಕು ತಾಸು. ಉಳಿದದ್ದು ಹಸಿ ಸಗಣಿಯಂತೆ ಬಿದ್ದಿತು. ನಾನು ನೂರು ಗ್ರಾಂ ಪುಡಿಯನ್ನು ಹಂಚಿನ ಮೇಲೆ ಹುರಿದು ತೂಗಿದೆ. ಅರವತ್ತೊಂಬತ್ತು ಉಳಿಯಿತು. ಅಂದರೆ ಮೂರರಲ್ಲಿ ಒಂದು ಪಾಲು ನೀರು. ವಿಡಿಯೋದ ಬಿಳಿ ಅಂಗಿಯವನು ನೂರಕ್ಕೆ ಹನ್ನೆರಡರಷ್ಟು ತೇವ ಇರಬೇಕು ಎಂದಿದ್ದ. ಆದರೆ ಅದನ್ನು ಹೇಳಿದ್ದು ವಿಡಿಯೋದ ಕೊನೆಯಲ್ಲಿ. ನಮ್ಮ ಮನೆಯಲ್ಲಿ ಯಾರೂ ಅಷ್ಟು ದೂರ ನೋಡಿರಲಿಲ್ಲ.

"ಮಂದಿ ಅವಲಕ್ಕಿ ಹುರೀತಾರ, ನೀವು ಹೊಟ್ಟ ಹುರಿಯಾಕತ್ತೀರಿ," ಎಂದು ಅವ್ವ ಹಂಚು ತೊಳೆದಿಟ್ಟಳು.

ಪುಡಿಯನ್ನು ಮಾಳಿಗೆಯ ಮೇಲೆ ಒಣಹಾಕಿದೆವು. ಅಂದೇ ಮಧ್ಯಾಹ್ನ ಗಾಳಿ ಎದ್ದಿತು. ಪಕ್ಕದ ಮನೆಯ ಚಿಗವ್ವ ಅವರ ಮಾಳಿಗೆಯಲ್ಲಿ ಕೆಂಪು ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರಿಗೆ ತೂಗುಹಾಕಿದ್ದರು. ನೂಲು ಇನ್ನೂ ಹಸಿ. ನಮ್ಮ ಪುಡಿ ಒಂದೊಂದು ಎಳೆಯನ್ನೂ ಹುಡುಕಿಕೊಂಡು ಹೋಗಿ ಕುಳಿತಿತು. ಲಡಿಗಳನ್ನು ಎಣಿಸಲು ನಾನು ನೋಟುಬುಕ್ಕು ಹಿಡಿದು ಹೋದದ್ದು ತಪ್ಪಾಯಿತು.

"ಬರಕೋ ಬೇ, ಬರಕೋ," ಎಂದರು ಚಿಗವ್ವ. "ಹದಿನಾರು ಲಡಿ. ಒಂದೊಂದಕೂ ಗಡ್ಡಾ ಬಂದೈತಿ ಅಂತ ಬರಕೋ. ನಿಮ್ಮ ಕಾಕಾಗ ಹೇಳು, ಇದನ್ನ ನೇಯ್ದು ಅವಂಗ ಒಂದ್ ಅಂಗಿ ಹೊಲಸ್ತೇನಿ."

ಹದಿನಾರು ಲಡಿಗಳನ್ನೂ ಜಾಡಿಸಿ, ಮತ್ತೆ ನೀರಲ್ಲಿ ಅಲುಬಿ ಕೊಟ್ಟವಳು ಅವ್ವ. ಕಾಕಾ ಆ ಹೊತ್ತಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅವನು ಎಣ್ಣೆ ಬಿಡುವ ಕೆಲಸ ಯಾವಾಗಲೂ ಬಹಳ ತಾಳ್ಮೆಯಿಂದ ಮಾಡುತ್ತಾನೆ.

ಎರಡು ದಿನ ಬಿಸಿಲಿಗಿಟ್ಟ ಪುಡಿ ಈಗ ಅತಿಯಾಗಿ ಒಣಗಿತ್ತು. ಒತ್ತಿದರೆ ಪುಡಿಯಾಗಿಯೇ ಹೊರಬಂತು. ಮುಂದಿನ ಮೂರು ಸಲದಲ್ಲಿ ಬಂದದ್ದು ನಾಲ್ಕು, ಏಳು, ಐದು ಕೆಜಿ. ಕಾಕಾ ಎರಡು ಬೆರಳ ನಡುವೆ ಒಂದು ಪೆಲೆಟ್ ಹಿಡಿದು ಒತ್ತಿದ. ಅದು ಉದುರಿತು. ಆಗ ಅವನ ಮುಖದಲ್ಲಿ ನೇಕಾರರ ಮೂರು ತಲೆಮಾರು ಒಮ್ಮೆಲೇ ಎಚ್ಚರಾದಂತೆ ಕಂಡಿತು.

"ಗಂಜಿ!" ಎಂದ.

ನೂಲು ಮಗ್ಗದ ಮೇಲೆ ಹರಿಯದಂತೆ ಅದಕ್ಕೆ ಗಂಜಿ ಹಚ್ಚುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಮೈದಾ ಹಿಟ್ಟನ್ನು ನೀರಲ್ಲಿ ಕದಡಿ ಕುದಿಸಿ ಹಚ್ಚಿದರೆ ಎಳೆ ಬಿಗಿಯಾಗುತ್ತದೆ, ಹೊಳೆಯುತ್ತದೆ. ಯಾವುದಾದರೂ ವಸ್ತು ಸಡಿಲವಾಗಿದೆ ಎಂದರೆ ಅದಕ್ಕೆ ಇನ್ನೂ ಗಂಜಿ ಹಚ್ಚಿಲ್ಲ ಎಂದೇ ನಮ್ಮವರ ತಿಳಿವಳಿಕೆ.

"ನೂಲು ನಿಲ್ತೈತಿ ಅಂದ್ರ ಹೊಟ್ಟಿಗೇನ ದಾಡಿ?" ಎಂದ ಕಾಕಾ. ಆಮೇಲೆ ಅವ್ವನಿಗೆ, "ವೈನಿ, ಒಂದ್ ಗುಂಡಿ ಗಂಜಿ ಕಾಸ್ರಿ."

ಫೆಬ್ರುವರಿ ೧೬, ಎರಡನೆಯ ಭಾನುವಾರ, ಗಂಜಿ ಕಲಸಿದ ಪುಡಿ ಯಂತ್ರಕ್ಕೆ ಬಿದ್ದಿತು. ಪೆಲೆಟ್ಟುಗಳು ಸಾಲಾಗಿ, ನುಣ್ಣಗೆ, ಹೊಳೆಯುತ್ತ ಇಳಿದವು. ಇಪ್ಪತ್ತನಾಲ್ಕಕ್ಕೆ ಹತ್ತೊಂಬತ್ತು ಕೆಜಿ! ಷರಾ ಕಾಲಮ್ಮಿನಲ್ಲಿ ನಾನು "ಅತ್ಯುತ್ತಮ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಗೆರೆಗಳನ್ನು ಈಗ ನೋಡಿದರೆ ಕಿವಿ ಬಿಸಿಯಾಗುತ್ತದೆ. ಕಾಕಾ ಫೋಟೋ ತೆಗೆದು ನೆಂಟರ ಗುಂಪಿಗೆಲ್ಲ ಕಳಿಸಿದ. ಹದಿನೇಳು ಹೆಬ್ಬೆರಳು ಬಂದವು.

ಸಂಜೆ "ಸುಟ್ಟ ಕಟ್ಟಿಗೆ" ಕಾಲಮ್ಮು ತುಂಬುವಾಗ ನನ್ನ ಪೆನ್ನು ನಿಂತಿತು. ಗಂಜಿ ಕುದಿಸಲು ಅವ್ವ ಮೂರು ಕೆಜಿ ಜಾಲಿ ಕಟ್ಟಿಗೆ ಉರಿಸಿದ್ದಳು. ಕಟ್ಟಿಗೆ ಉಳಿಸಲು ಕಟ್ಟಿಗೆ ಮಾಡುವುದಕ್ಕೆ ಕಟ್ಟಿಗೆ ಸುಡುತ್ತಿದ್ದೆವು. ಎರಡು ದಿನ ಬಿಸಿಲಲ್ಲಿ ಒಣಗಿಸಿದ ಪುಡಿಗೆ ಗಂಜಿಯ ರೂಪದಲ್ಲಿ ಮತ್ತೆ ನೀರು ಹಾಕಿದ್ದೆವು. ಆದ್ದರಿಂದ ಬಂದ ಪೆಲೆಟ್ಟನ್ನು ಮತ್ತೆ ಎರಡು ದಿನ ಒಣಗಿಸಬೇಕಾಗಿತ್ತು. ಮನೆಯಲ್ಲಿ ಗಂಜಿ ತಿನ್ನುವ ಇಲಿಗಳಿದ್ದವು. ಅವಕ್ಕೂ ಸುದ್ದಿ ತಲುಪಿತು.

ಮರುದಿನ ಯಂತ್ರ ತಿರುಗಲೇ ಇಲ್ಲ. ಬಿಲ್ಲೆಯ ತೂತುಗಳಲ್ಲಿ ಉಳಿದಿದ್ದ ಗಂಜಿ ಮತ್ತು ಪುಡಿ ರಾತ್ರಿಯೆಲ್ಲ ಗಟ್ಟಿಯಾಗಿ ಕಲ್ಲಾಗಿತ್ತು. ಒಟ್ಟು ತೂತು ತೊಂಬತ್ತಾರು. ಒಂದೊಂದನ್ನೂ ಕೈ ಡ್ರಿಲ್ಲಿನಿಂದ ಕೊರೆದು ಬಿಡಿಸಬೇಕು. ಕಾಕಾ ಮೂವತ್ತೊಂದು ಬಿಡಿಸಿದ ಮೇಲೆ ಅವನ ನಡ ಹಿಡಿಯಿತು. ನಾನು ಜಮಖಂಡಿ ಬಸ್ಸಿಗೆ ಹೋಗಲೇಬೇಕಾಗಿತ್ತು. ಸಂಜೆ ಬಂದಾಗ ಬಿಲ್ಲೆ ಸ್ವಚ್ಛವಾಗಿತ್ತು. "ತೂತು ಬಿಡಿಸಲಾಯಿತು" ಎಂದು ಬರೆದೆ. ಯಾರು ಬಿಡಿಸಿದರು ಎಂದು ಬರೆಯಲಿಲ್ಲ, ಆ ಕಾಲಮ್ಮು ಇರಲಿಲ್ಲ.

ಆ ದಿನ ಬಸ್ಸಿನಲ್ಲಿ ಕುಳಿತು ಮುಧೋಳದ ಗೆಳೆಯನಿಗೆ ಫೋನು ಮಾಡಿದೆ. ತೂತು ಕಟ್ಟಿಕೊಂಡರೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಕಟ್ಟಿಲ್ರೀ ನಮಗ," ಎಂದ.

"ಎಷ್ಟು ದಿನ ನಡಸಿದ್ರಿ?"

"ನಡಸಿಲ್ರೀ. ನಾನೂ ಹಿಂಗ ಒಬ್ಬರ ಕಡಿಂದ ನೋಡಾಕಂತ ತಂದಿದ್ದೆ."

ಪುಡಿಯ ಕಥೆಯೂ ಇದೇ ದಾರಿ ಹಿಡಿಯಿತು. ಜಮಖಂಡಿಯ ಕಟ್ಟಿಗೆ ಅಡ್ಡೆಯ ಮಾಲೀಕರು ಮೊದಲ ಸಲ "ಒಯ್ಯಿರಿ, ಕಸಾ ತಗದು ಪುಣ್ಯಾ ಕಟ್ಕೋರಿ" ಎಂದು ಪುಕ್ಕಟೆ ಕೊಟ್ಟು, ಮೇಲೆ ಚಹಾ ಕುಡಿಸಿದ್ದರು. ಎರಡನೆಯ ಸಲ ಪುಡಿ ಸಿಕ್ಕಿತು, ಚಹಾ ಇಲ್ಲ. ಮೂರನೆಯ ಸಲ ಅವರು ಚೀಲಗಳ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ನಿಮ್ಮಂಗ ಇನ್ನಿಬ್ರು ಕೇಳಿ ಹೋಗ್ಯಾರ್ರಿ," ಎಂದರು. "ಒಬ್ರು ಕೇಳಿದ್ರ ಕಸಾ, ಮೂರ ಮಂದಿ ಕೇಳಿದ್ರ ಮಾಲ."

ಗಂಜಿಯನ್ನೂ ಬಿಡಲಿಲ್ಲ, ತೂತು ಕಟ್ಟಿದಾಗಲೆಲ್ಲ ಅದೇ ಷರಾ ಮತ್ತೆ ಬರೆದೆ. ಇಷ್ಟಾದರೂ ಪೆಲೆಟ್ಟಿಗೆ ಅನ್ಯಾಯ ಮಾಡಬಾರದೆಂದು ಫೆಬ್ರುವರಿ ೨೩ರಂದು ನಮ್ಮ ಕಟ್ಟಿಗೆ ಒಲೆಗೂ ಯಂತ್ರದ ಜೊತೆ ಬಂದ ಫ್ಯಾನಿನ ಒಲೆಗೂ ಪರೀಕ್ಷೆ ಇಟ್ಟೆ. ಎರಡು ಹಂಡೆ, ತಲಾ ಇಪ್ಪತ್ತು ಲೀಟರು ನೀರು, ಸ್ನಾನಕ್ಕೆ ಸಾಕಾಗುವಷ್ಟು ಬಿಸಿ. ಜಾಲಿ ಕಟ್ಟಿಗೆಗೆ ಹಿಡಿದದ್ದು ಇಪ್ಪತ್ತಾರು ನಿಮಿಷ, ಎರಡು ಕೆಜಿ ನೂರು ಗ್ರಾಂ. ಪೆಲೆಟ್ಟಿಗೆ ಇಪ್ಪತ್ತೆರಡು ನಿಮಿಷ, ಒಂದು ಕೆಜಿ ಇನ್ನೂರು ಗ್ರಾಂ. ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಕಾಕಾ ಅವ್ವನ ಮುಖ ನೋಡುತ್ತ ನಿಂತ.

"ಉರಿ ಛಲೋ ಐತಿ," ಎಂದಳು ಅವ್ವ. "ಸುಳ್ಳ ಯಾಕ ಹೇಳ್ಲಿ. ಕಣ್ಣ ಉರೀಲಿಲ್ಲ."

ಆ ವಾರವೆಲ್ಲ ಅವಳು ತನ್ನ ಮಗ್ಗಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಮಗ್ಗದ ಬಾಚಣಿಗೆಯ ಬಿಡಿಭಾಗ ತರಲು ರಬಕವಿಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ತೆಗೆಯುವ ಮಗ್ಗಕ್ಕೆ ಹೊಸದು ಯಾಕೆ ಹಾಕಲಿ ಎಂದಳು. ಲೆಕ್ಕ ಯಾವ ಕಡೆ ಹೋಗುತ್ತಿದೆ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಆ ದಿನಗಳಲ್ಲಿ ನನಗೆ ನನ್ನ ನಿಷ್ಪಕ್ಷಪಾತದ ಮೇಲೆ ಬಹಳ ಹೆಮ್ಮೆಯಿತ್ತು.

ಮಾರ್ಚ್ ೨, ಭಾನುವಾರ. ಗಿರಾಕಿ ಹುಡುಕಲು ಕಾಕಾ ಮತ್ತು ನಾನು ಎರಡು ಚೀಲ ಪೆಲೆಟ್, ಒಂದು ಫ್ಯಾನಿನ ಒಲೆ ಹಿಡಿದು ಬೀಳಗಿಗೆ ಹೋದೆವು. ಅಲ್ಲಿ ಕಾಕಾಗೆ ಪರಿಚಯದ ಖಾನಾವಳಿಯಿದೆ. ನಡೆಸುವವರು ಐವತ್ತರ ಆಸುಪಾಸಿನ ಹೆಂಗಸು. ಕಾಕಾ ಬಿಳಿ ಅಂಗಿ ಹಾಕಿಕೊಂಡಿದ್ದ. ವಿಡಿಯೋದವನಂತೆಯೇ ಒಂದೇ ಕೈಯಿಂದ ಸುರಿದ, ಉರಿ ಹೊತ್ತಿಸಿದ, ಪಕ್ಕಕ್ಕೆ ಸರಿದು ನಿಂತ. ಆಕೆ ಹಂಚಿಟ್ಟು ಜೋಳದ ರೊಟ್ಟಿ ಹಾಕಿದರು. ಮೊದಲನೆಯದು ನಡುವೆ ಕರಿಕಾಯಿತು, ಅಂಚು ಹಸಿ. ಎರಡನೆಯದೂ ಹಾಗೇ.

"ಅಣ್ಣಾರ, ರೊಟ್ಟಿ ಮಾಡೂಮುಂದ ಉರಿ ಹಿಂದ-ಮುಂದ ಸರಸ್ಬೇಕ್ರಿ," ಎಂದರು ಆಕೆ. "ಕಟಗಿ ಆದ್ರ ತುದಿ ಹಿಡದು ಎಳೀತೇನಿ. ಇದನ್ನ ಹೆಂಗ ಎಳೀಲಿ, ಸೌಟ್ಲೆ?"

"ರೂಢಿ ಆದ್ರ ಬರ್ತೈತ್ರೀ ಅಕ್ಕಾರ," ಎಂದ ಕಾಕಾ.

"ನಿಮ್ಮ ಮನ್ಯಾಗ ಇದರ ಮ್ಯಾಲ ರೊಟ್ಟಿ ಯಾರ ಮಾಡ್ತಾರ್ರಿ?"

ಕಾಕಾ ನನ್ನ ಕಡೆ ನೋಡಿದ. ನಮ್ಮ ಮನೆಯಲ್ಲಿ ರೊಟ್ಟಿ ಗ್ಯಾಸಿನ ಮೇಲೆ ಆಗುತ್ತದೆ. ಅಷ್ಟರಲ್ಲಿ ತಟ್ಟೆ ತೊಳೆದ ನೀರು ಹರಿದುಬಂದು ಕೆಳಗಿಟ್ಟ ಒಂದು ಚೀಲಕ್ಕೆ ತಾಗಿತು. ನಾವು ಚಹಾ ಕುಡಿದು ಮುಗಿಸುವ ಹೊತ್ತಿಗೆ ಚೀಲದ ತಳದಲ್ಲಿದ್ದ ಪೆಲೆಟ್ಟುಗಳು ಉಬ್ಬಿ, ಬಿರಿದು, ಮತ್ತೆ ಪುಡಿಯಾಗಿದ್ದವು. ಜಮಖಂಡಿಯ ಅಡ್ಡೆಯಲ್ಲಿ ಹೇಗಿತ್ತೋ ಹಾಗೆಯೇ.

"ನೋಡ್ರಿ, ನಿಮ್ಮ ಕಟಗಿ ತವರಿಗಿ ಹೊಂಟೈತಿ," ಎಂದರು ಆಕೆ. ಕಾಕಾ ಕೂಡ ನಕ್ಕ. ಬರುವಾಗ ಬಸ್ಸಿನಲ್ಲಿ ಅವನು ಬಿಳಿ ಅಂಗಿಗೆ ತಗುಲಿದ ಮಸಿ ಒರೆಸುತ್ತ ಕುಳಿತ. ಅದನ್ನು ನೋಡಿ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

ಮಾರ್ಚ್ ೯, ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಮಗ್ಗದ ಕೋಣೆಯಲ್ಲೇ ಕುಳಿತೆವು. ನಾನು ಓದಿದೆ. ಪುಡಿ ಹಾಕಿದ್ದು ಹದಿಮೂರು ಸಲ, ಮುನ್ನೂರ ಹನ್ನೆರಡು ಕೆಜಿ. ಬಂದ ಪೆಲೆಟ್ ನೂರ ಎಪ್ಪತ್ತೊಂದು ಕೆಜಿ. ಯಂತ್ರಕ್ಕೆ ಹಿಡಿದದ್ದು ಮೂವತ್ತೆಂಟು ತಾಸು, ಅಂದರೆ ತಾಸಿಗೆ ನಾಲ್ಕೂವರೆ ಕೆಜಿ. ಒಂಬತ್ತು ಸಲದ ಗಂಜಿಗೆ ಸುಟ್ಟ ಜಾಲಿ ಇಪ್ಪತ್ತೇಳು ಕೆಜಿ. ಆ ಮೂವತ್ತೆಂಟು ತಾಸು ನಾಲ್ಕು ಮಗ್ಗ ನಿಂತವು. ಮಗ್ಗವೊಂದಕ್ಕೆ ಮೂರು ತಾಸಿಗೊಂದು ಸೀರೆಯಂತೆ ಹಿಡಿದರೆ ಇಳಿಯಬೇಕಿದ್ದ ಸೀರೆ ಐವತ್ತು. ಕೂಲಿ: ಇಲ್ಲ, ಮನೆಯವರದೇ ಕೆಲಸ.

ಕಾಕಾ ಗಮನವಿಟ್ಟು ಕೇಳಿದ. ಆಮೇಲೆ ಅವನು ಹೇಳಿದ ಮಾತನ್ನು ನಾನು ಅಕ್ಷರ ಬಿಡದೆ ಬರೆದುಕೊಂಡಿದ್ದೇನೆ.

"ಮಗ್ಗ ನಿಂತಿದ್ದ ನಷ್ಟ ಅಂತ ಬರದಿ. ಆ ಎರಡ ಮಗ್ಗ ಇಲ್ಲಂತ ತಿಳಕೋ, ಆಗ ನಿಲ್ಲೂದೇನು? ಲೈನಿಗೂ ಭಾರ ಕಡಿಮಿ ಆಕ್ಕೈತಿ, ಮಷಿನ್ನೂ ನಡೀತೈತಿ, ನಿನ್ನ ಅರ್ಧಾ ನಷ್ಟಾನೂ ಹೋತು. ನೋಡು, ಲೆಕ್ಕಾ ಸರಿ ಆತಿಲ್ಲೋ?"

ನಾಚಿಕೆಯ ಸಂಗತಿಯೆಂದರೆ, ನಾನು ಒಂದು ಕ್ಷಣ ಪೆನ್ನು ತೆಗೆದು ಅರ್ಧ ಮಾಡಿ ನೋಡಿದೆ. ಇಪ್ಪತ್ತೈದು ಸೀರೆ ಬಂತು. ಅಪ್ಪನೂ "ಹೂಂ" ಎಂದು ಗಲ್ಲ ಕೆರೆದುಕೊಂಡ. ಆ "ಹೂಂ" ಕೇಳಿದ ಮೇಲೆ ಅವ್ವ ಎದ್ದಳು. ಕಾಕಾನನ್ನು ದಾಟಿ ನನ್ನ ಕಡೆ ಬಂದಳು.

"ನನ್ನ ತಾಸು ಎಲ್ಲಿ ಅದಾವ ಬೇ, ನಿನ್ನ ಬುಕ್ಕಿನ್ಯಾಗ?"

ನನಗೆ ಅರ್ಥವಾಗಲಿಲ್ಲ. ಅವಳು ನನ್ನನ್ನು ತನ್ನ ಮಗ್ಗದ ಹಿಂದಿನ ಗೋಡೆಗೆ ಕರೆದುಕೊಂಡು ಹೋದಳು. ಒಂದೊಂದು ಸೀರೆ ಇಳಿದಾಗ ಅವಳು ಅಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತಾಳೆ. ಅದು ನನಗೆ ಚಿಕ್ಕಂದಿನಿಂದ ಗೊತ್ತು. ಗೆರೆಗಳ ಕೆಳಗೆ ಈಗ ಹೊಸ ಸಾಲೊಂದಿತ್ತು, ಸಣ್ಣ ಸಣ್ಣ ಕತ್ತರಿ ಗುರುತು. ಪುಡಿ ಮಾಳಿಗೆಗೆ ಹೊತ್ತದ್ದು, ಹರಡಿದ್ದು, ಜರಡಿ ಹಿಡಿದದ್ದು, ಗಂಜಿ ಕುದಿಸಿದ್ದು, ಚಿಗವ್ವನ ಲಡಿ ಅಲುಬಿದ್ದು, ಕಾಕಾನ ನಡ ಹಿಡಿದ ಮೇಲೆ ಉಳಿದ ಅರವತ್ತೈದು ತೂತು ಕೊರೆದದ್ದು, ಆಮೇಲೆ ಕಟ್ಟಿದವನ್ನೂ ಬಿಡಿಸಿದ್ದು. ತಾಸಿಗೆ ಒಂದು ಗುರುತು.

"ಎಣಸು," ಎಂದಳು.

ಎಣಿಸಿದೆ. ಅರವತ್ತೇಳು. ಮತ್ತೊಮ್ಮೆ ಎಣಿಸಿದೆ. ಅರವತ್ತೇಳೇ. ನನ್ನ ಏಳು ಕಾಲಮ್ಮುಗಳಲ್ಲಿ ಅವಕ್ಕೆ ಜಾಗವಿರಲಿಲ್ಲ. ಇಲಿ ತಿಂದ ಪೆಲೆಟ್ಟನ್ನು ನಾನು ಗ್ರಾಂ ಲೆಕ್ಕದಲ್ಲಿ ಷರಾದಲ್ಲಿ ಬರೆದಿದ್ದೆ.

"ಮಗ್ಗ ತಗದ್ರ ಮಷಿನ್ ಒಂದ ನಡೀತೈತಿ ಅಂತೀ ತಮ್ಮಾ," ಎಂದಳು ಅವ್ವ, ಈಗ ಕಾಕಾನ ಕಡೆ ತಿರುಗಿ. "ಮಷಿನ್ ನಡ್ಯಾಂಗಿಲ್ಲ. ನಾ ನಡೀತೇನಿ, ಮಾಳಿಗಿ ಹತ್ತೂದು, ಇಳಿಯೂದು. ನಾ ಬ್ಯಾಡಂದ್ರ ನೀ ಎಷ್ಟ ದಿನಾ ನಡಸ್ತಿ? ಅದನ್ನೊಂದ ಬರಸು."

ಕಾಕಾ ಯಂತ್ರವನ್ನು ನೋಡಿದ, ಮಾಳಿಗೆಯ ಮೆಟ್ಟಿಲು ನೋಡಿದ, ತನ್ನ ನಡದ ಮೇಲೆ ಕೈಯಿಟ್ಟುಕೊಂಡ. "ಎರಡ ದಿನಾ," ಎಂದ. ಅವನ ಬದುಕಿನಲ್ಲಿ ಅವನು ಕೊಟ್ಟ ಅತ್ಯಂತ ನಿಖರವಾದ ಅಂದಾಜು ಅದು. ಅಪ್ಪ ಮಗ್ಗಗಳು ಇದ್ದಲ್ಲೇ ಇರಲಿ ಎಂದ. ಹಾಗೆ ಹೇಳುವಾಗ ಅದು ಮೊದಲಿನಿಂದಲೂ ತನ್ನದೇ ಅಭಿಪ್ರಾಯವಾಗಿತ್ತು ಎಂಬಂತೆ ಹೇಳಿದ.

ಅವ್ವ ಅಂದೇ ಮಧ್ಯಾಹ್ನ ರಬಕವಿಗೆ ಹೋಗಿ ಬಿಡಿಭಾಗ ತಂದಳು. ಮಾರ್ಚ್ ೧೧ರ ಮಂಗಳವಾರ ಯಂತ್ರ ಮುಧೋಳಕ್ಕೆ ಮರಳಿತು. ಅಲ್ಲಿಂದ ಅದು ಇನ್ನಾರ ಮನೆಗೆ "ನೋಡಾಕ" ಹೋಗಿದೆಯೋ ಗೊತ್ತಿಲ್ಲ.

ನಾನು ಲೆಕ್ಕದ ಹಾಳೆಯನ್ನು ಎಂಟು ಕಾಲಮ್ಮು ಮಾಡಿ ಮತ್ತೆ ಬರೆದೆ. ಉತ್ತರ ಸ್ಪಷ್ಟ: ನಮ್ಮ ಮನೆಯಲ್ಲಿ, ನಾವು ಮಾಡಿದ ರೀತಿಯಲ್ಲಿ, ಲಾಭವಿಲ್ಲ. ಆದರೆ ಎರಡು ಪ್ರಶ್ನೆ ಉಳಿದಿವೆ. ಗಂಜಿಯಿಲ್ಲದೆ, ಬರೀ ತೇವವನ್ನು ಹದವಾಗಿ ಹಿಡಿದು ಮನೆಯಲ್ಲಿ ಗಟ್ಟಿ ಪೆಲೆಟ್ ತೆಗೆದವರು ಯಾರಾದರೂ ಇದ್ದಾರೆಯೇ? ಇದ್ದರೆ, ಬಿಲ್ಲೆಯ ತೂತು ಕಟ್ಟದಂತೆ ದಿನದ ಕೊನೆಯಲ್ಲಿ ಏನು ಮಾಡುತ್ತಾರೆ? ಒಂದು ವರ್ಷವಾದರೂ ನಡೆಸಿದವರು ದಯವಿಟ್ಟು ಬರೆದು ತಿಳಿಸಿ. ನೋಡಲು ತಂದವರು ಬೇಡ. ಪುಡಿ ಎಷ್ಟು, ಪೆಲೆಟ್ ಎಷ್ಟು ಎಂಬುದರ ಜೊತೆಗೆ ಮಾಳಿಗೆ ಹತ್ತಿದವರು ಯಾರು, ಎಷ್ಟು ತಾಸು ಎಂಬುದನ್ನೂ ಅವರನ್ನೇ ಕೇಳಿ ಬರೆಯಿರಿ.